ಗೋದಲಿಯ ದಾರಿ: ನಜರೇತಿನಿಂದ ಜೆರುಸಲೇಮಿಗೆ ಆರು ದಿನ

ಕ್ರಿಸ್ತನ ಹುಟ್ಟಿನ ಕಥೆ ಬೈಬಲ್ಲಿನಲ್ಲಿ ಇರುವುದು ನಾಲ್ಕೇ ಅಧ್ಯಾಯದಲ್ಲಿ: ಮತ್ತಾಯನ ಸುವಾರ್ತೆಯ ಮೊದಲ ಎರಡು, ಲೂಕನ ಸುವಾರ್ತೆಯ ಮೊದಲ ಎರಡು. ಒಟ್ಟು 180 ವಚನ. ಅದರಲ್ಲೂ ಮತ್ತಾಯನ ಮೊದಲ ಹದಿನೇಳು ವಚನ ಬರೀ ವಂಶಾವಳಿ. ಮಾರ್ಕ ಈ ಸುದ್ದಿಗೇ ಹೋಗುವುದಿಲ್ಲ, ಯೋಹಾನ ಒಂದು ಮಾತಿನಲ್ಲಿ ಮುಗಿಸುತ್ತಾನೆ. ಇಷ್ಟು ಚಿಕ್ಕ ಪಠ್ಯದ ಸುತ್ತ ಎರಡು ಸಾವಿರ ವರ್ಷದಲ್ಲಿ ಎತ್ತು, ಕತ್ತೆ, ಮೂವರು ರಾಜರು, ಜಾಗವಿಲ್ಲ ಎಂದು ಬಾಗಿಲು ಹಾಕಿಕೊಂಡ ಛತ್ರದವನು, ಹಿಮ, ಡಿಸೆಂಬರ್ 25 ಎಲ್ಲವೂ ಬಂದು ಸೇರಿಕೊಂಡಿವೆ. ಇವುಗಳಲ್ಲಿ ಒಂದೂ ಆ 180 ವಚನಗಳಲ್ಲಿ ಇಲ್ಲ. ಹಾಗಾಗಿ ಈ ದಾರಿಗೆ ಒಂದೇ ಕಟ್ಟಳೆ: ಪ್ರತಿ ಜಾಗದಲ್ಲೂ ಒಳಗೆ ಕಾಲಿಡುವ ಮುನ್ನ ಹೊರಗೇ ನಿಂತು ಅಲ್ಲಿಗೆ ಸೇರಿದ ಭಾಗವನ್ನು ಓದಿಕೊಳ್ಳುವುದು. ಒಳಗೆ ಹೋದ ಮೇಲೆ ಓದುತ್ತೇವೆ ಎಂದರೆ ಆಗುವುದಿಲ್ಲ. ಕತ್ತಲು, ಸಾಲು, ಹಿಂದಿನವರ ನೂಕು.

ದಿನಗಳ ಲೆಕ್ಕ ಡಿಸೆಂಬರ್ 21ರಿಂದ 26ರವರೆಗೆ. ಭಾರತದ ಪಾಸ್‌ಪೋರ್ಟ್ ಇರುವವರು ಇಸ್ರೇಲಿನ ವೀಸಾವನ್ನು ಹೊರಡುವ ಮುಂಚೆಯೇ ಪಡೆದಿರಬೇಕು. ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಬದಲು ಚಿಕ್ಕದೊಂದು ಚೀಟಿ ಕೊಡುತ್ತಾರೆ. ಅದನ್ನು ಕಸವೆಂದು ಎಸೆದವರು ಬೇತ್ಲೆಹೇಮಿನಿಂದ ಮರಳುವಾಗ ತನಿಖಾ ಠಾಣೆಯಲ್ಲಿ ಪೇಚಿಗೆ ಸಿಕ್ಕಬಹುದು. ಶುಕ್ರವಾರ ಹೊತ್ತು ಮುಳುಗಿದ ಮೇಲೆ ಶನಿವಾರ ರಾತ್ರಿಯವರೆಗೆ ಸಬ್ಬತ್, ಯೆಹೂದ್ಯರ ವಾರದ ವಿಶ್ರಾಂತಿ; ಜೆರುಸಲೇಮಿನ ಲೈಟ್ ರೈಲು, ಇಸ್ರೇಲಿ ಬಸ್ಸು ನಿಲ್ಲುತ್ತವೆ, ದಮಸ್ಕ ಬಾಗಿಲ ಬಳಿಯ ಅರಬ್ ಬಸ್ಸುಗಳು ಓಡುತ್ತವೆ. ಆ ವರ್ಷ ಸಬ್ಬತ್ ಯಾವ ತೇದಿಗೆ ಬೀಳುತ್ತದೆಂದು ಮೊದಲೇ ನೋಡಿ ದಿನಗಳನ್ನು ಹಿಂದೆಮುಂದೆ ಮಾಡಿಕೊಳ್ಳಿ. ಡಿಸೆಂಬರ್ ಅಲ್ಲಿ ಮಳೆಗಾಲ. ಜೆರುಸಲೇಮ್, ಬೇತ್ಲೆಹೇಮ್ ಎರಡೂ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಮೇಲಿವೆ. ಮಡಿಕೇರಿಯ ಚಳಿಗೆ ಬೀಸುಗಾಳಿ ಸೇರಿಸಿಕೊಂಡರೆ ಅಂದಾಜು ಸಿಗುತ್ತದೆ. ದಾರಿಯ ಕಲ್ಲುಗಳೆಲ್ಲ ಸವೆದು ನುಣುಪಾಗಿವೆ, ರಬ್ಬರ್ ಅಟ್ಟೆಯ ಬೂಟು ಬೇಕು. ಭುಜ, ಮೊಣಕಾಲು ಮುಚ್ಚುವ ಬಟ್ಟೆ ಎಲ್ಲ ಚರ್ಚುಗಳಲ್ಲೂ ಕಡ್ಡಾಯ.

ಇನ್ನೊಂದು ಮಾತು. ಗಾಜಾ ಯುದ್ಧದಿಂದಾಗಿ 2023ರಲ್ಲೂ 2024ರಲ್ಲೂ ಬೇತ್ಲೆಹೇಮಿನಲ್ಲಿ ಬೀದಿಯ ಸಂಭ್ರಮ ರದ್ದಾಗಿ ಪ್ರಾರ್ಥನೆಗಳಷ್ಟೇ ನಡೆದವು. ಟಿಕೆಟ್ ತೆಗೆಯುವ ಮುನ್ನ ಅಲ್ಲಿನ ಪರಿಸ್ಥಿತಿ, ಭಾರತ ಸರ್ಕಾರದ ಪ್ರಯಾಣ ಸೂಚನೆ ಎರಡನ್ನೂ ನೋಡಿಕೊಳ್ಳಬೇಕು.

ಮೊದಲ ದಿನ: ನಜರೇತ್

ಓದು: ಲೂಕ 1:26ರಿಂದ 38. ಬಸ್ಸಿನ ಅನುಕೂಲ ನೋಡಿ ಯಾತ್ರೆಯನ್ನು ಬೇತ್ಲೆಹೇಮಿನಿಂದ ಶುರುಮಾಡುವ ತಂಡಗಳಿವೆ. ಹಾಗೆ ಮಾಡಿದರೆ ಕಥೆ ನಡುವಿನಿಂದ ಶುರುವಾಗುತ್ತದೆ. ಲೂಕ ಆರಂಭಿಸುವುದು ದೇವಾಲಯದಲ್ಲಿ ಧೂಪ ಹಾಕುತ್ತಿದ್ದ ಮುದಿ ಯಾಜಕನಿಂದ, ಆಮೇಲೆ ಗಲಿಲಾಯದ ಈ ಊರಿನಿಂದ.

ನಜರೇತ್ ಎಂಬ ಹೆಸರು ಹಳೆಯ ಒಡಂಬಡಿಕೆಯಲ್ಲಿ ಒಮ್ಮೆಯೂ ಬರುವುದಿಲ್ಲ. ನಜರೇತಿನಿಂದ ಒಳ್ಳೆಯದೇನಾದರೂ ಬರುವುದುಂಟೇ ಎಂದು ನತಾನಯೇಲ ಕೇಳಿದನಲ್ಲ (ಯೋಹಾನ 1:46), ಆ ಪ್ರಶ್ನೆಯಲ್ಲಿ ಅಚ್ಚರಿಯೇನಿಲ್ಲ, ಊರು ಅಷ್ಟು ಚಿಕ್ಕದು. 2009ರಲ್ಲಿ ಇಲ್ಲಿನ ಬಸಿಲಿಕದ (ದೊಡ್ಡ ಚರ್ಚಿನ) ಹತ್ತಿರವೇ ಅಗೆದಾಗ ಆ ಕಾಲದ ಮನೆಯೊಂದರ ಗುರುತು ಸಿಕ್ಕಿತು: ಎರಡು ಕೋಣೆ, ಒಂದು ಅಂಗಳ, ಮಳೆನೀರು ಹಿಡಿದಿಡಲು ಬಂಡೆಯಲ್ಲಿ ಕೊರೆದ ತೊಟ್ಟಿ.

ಮಂಗಳವಾರ್ತೆಯ (ಮಗು ಹುಟ್ಟುವ ಸುದ್ದಿಯನ್ನು ದೂತ ಮರಿಯಳಿಗೆ ತಿಳಿಸಿದ್ದರ) ಬಸಿಲಿಕ ಈಗಿನ ರೂಪದಲ್ಲಿ ಮುಗಿದದ್ದು 1969ರಲ್ಲಿ, ಇಟಲಿಯ ವಾಸ್ತುಶಿಲ್ಪಿ ಜೊವಾನಿ ಮುಜಿಯೊ ಅವರ ವಿನ್ಯಾಸ. ಕೆಳ ಅಂತಸ್ತಿನ ಗುಹೆಯ ಮುಂದೆ ನಿಂತು ಬಲಿಪೀಠದ ಮೇಲಿನ ಲ್ಯಾಟಿನ್ ಬರಹ ನೋಡಿ: ವೆರ್ಬುಮ್ ಕಾರೊ ಹಿಕ್ ಫಾಕ್ತುಮ್ ಎಸ್ತ್, ವಾಕ್ಯವು ಇಲ್ಲಿ ಮಾಂಸವಾಯಿತು. ಯೋಹಾನ 1:14ರ ಮಾತೇ ಅದು, ನಡುವೆ ಒಂದು ಪದ ಮಾತ್ರ ಹೆಚ್ಚು. ಹಿಕ್, ಅಂದರೆ ಇಲ್ಲಿ. ಇಡೀ ಪವಿತ್ರ ನಾಡಿನ ಯಾತ್ರೆ ಆ ಒಂದು ಪದದ ಮೇಲೆ ನಿಂತಿದೆ ಎನ್ನಬಹುದು.

ಅದೇ ವಚನವನ್ನು ಕನ್ನಡದಲ್ಲಿ ಓದಿಕೊಳ್ಳಿ. ಹಳೆಯ ಕನ್ನಡ ಬೈಬಲ್, ವಾಕ್ಯವೆಂಬಾತನು ‘ನರಾವತಾರ ಎತ್ತಿ’ ನಮ್ಮ ಮಧ್ಯದಲ್ಲಿ ವಾಸಮಾಡಿದನು ಎನ್ನುತ್ತದೆ. ಅವತಾರ ನಮಗೆ ಎಷ್ಟು ಬಳಕೆಯ ಪದವೆಂದರೆ ಓದಿದ್ದು ಎಲ್ಲಿಯೂ ತಡೆಯದೆ ಜಾರಿಹೋಗುತ್ತದೆ. ಗ್ರೀಕ್ ಮೂಲ ಅಷ್ಟು ನಯವಾಗಿಲ್ಲ. ಅಲ್ಲಿರುವ ಪದ ‘ಸಾರ್ಕ್ಸ್’, ಮಾಂಸ. ಹಸಿಯುವ, ದಣಿಯುವ, ಗಾಯಗೊಂಡರೆ ರಕ್ತ ಸುರಿಯುವ, ಕೊನೆಗೆ ಸಾಯುವ ಮೈ. ಯುಗಯುಗಕ್ಕೂ ಮತ್ತೆ ಮತ್ತೆ ಇಳಿದುಬರುವ ಕಲ್ಪನೆಯೂ ಅಲ್ಲಿಲ್ಲ. ಒಮ್ಮೆ, ಒಂದೇ ಸಲ. ‘ವಾಸಮಾಡಿದನು’ ಎಂಬುದರ ಹಿಂದಿರುವ ಕ್ರಿಯಾಪದಕ್ಕೆ ಗುಡಾರ ಹಾಕಿದನು ಎಂಬ ಅರ್ಥವಿದೆ. ಮರುಭೂಮಿಯಲ್ಲಿ ಇಸ್ರಾಯೇಲ್ಯರ ನಡುವೆ ದೇವರ ಮಹಿಮೆ ಗುಡಾರವನ್ನು ತುಂಬಿದ್ದನ್ನು (ವಿಮೋಚನಕಾಂಡ 40:34) ಬಲ್ಲ ಯೆಹೂದ್ಯ ಓದುಗನಿಗೆ ಈ ಪದ ಸಾಕು.

ಬಸಿಲಿಕದಿಂದ ಉತ್ತರಕ್ಕೆ ಹತ್ತು ಹದಿನೈದು ನಿಮಿಷ ನಡೆದರೆ ಗ್ರೀಕ್ ಆರ್ಥೊಡಾಕ್ಸ್ ಪಂಗಡದ ಗಬ್ರಿಯೇಲನ ಚರ್ಚು. ಇವರ ಪ್ರಕಾರ ದೂತ ಮೊದಲು ಮಾತಾಡಿಸಿದ್ದು ನೀರು ಸೇದುತ್ತಿದ್ದ ಮರಿಯಳನ್ನು. ಇದು ಎರಡನೆಯ ಶತಮಾನದ ಯಾಕೋಬನ ಹೆಸರಿನ ಬರಹವೊಂದರಿಂದ ಬಂದ ಸಂಗತಿ, ಬೈಬಲ್ಲಿನಲ್ಲಿಲ್ಲ. ಲೂಕನ ಮಾತಿನಲ್ಲಿ ದೂತ ಅವಳಿದ್ದಲ್ಲಿಗೆ ‘ಒಳಗೆ ಬಂದ’. ಇಷ್ಟಾದರೂ ಈ ಚರ್ಚನ್ನು ಬಿಡಬೇಡಿ. ಒಳತುದಿಯಲ್ಲಿ ಊಟೆಯ ನೀರು ಈಗಲೂ ಹರಿಯುತ್ತದೆ. ಮರಿಯಳು ಎಲ್ಲಿಂದ ನೀರು ತಂದಿರಬಹುದು ಎಂಬ ಪ್ರಶ್ನೆಗೆ ಊರಿನ ಈ ಹಳೆಯ ಊಟೆಗಿಂತ ಒಳ್ಳೆಯ ಉತ್ತರ ಸಿಗಲಾರದು.

ಸಂಜೆ ಬಸಿಲಿಕದ ಆವರಣದಲ್ಲೇ ಇರುವ ಸಂತ ಯೋಸೇಫರ ಚರ್ಚಿನ ಬಳಿ ಮತ್ತಾಯ 1:18ರಿಂದ 25 ಓದಿ. ಹೆಸರುಗಳ ಅರ್ಥ ಇರುವುದು ಇಲ್ಲಿ. ಯೇಸು ಎಂದರೆ ಯೆಹೋವನು ರಕ್ಷಿಸುತ್ತಾನೆ. ಇಮ್ಮಾನುವೇಲ್ ಎಂದರೆ ದೇವರು ನಮ್ಮ ಸಂಗಡ ಇದ್ದಾನೆ. ಎರಡನೆಯದು ಯೆಶಾಯ 7:14ರಿಂದ ಬಂದದ್ದು, ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ಶತ್ರುಗಳ ಮುತ್ತಿಗೆಗೆ ನಡುಗುತ್ತಿದ್ದ ಅಹಾಜ ರಾಜನಿಗೆ ಹೇಳಿದ ಮಾತು. ಹೀಬ್ರೂವಿನ ‘ಅಲ್ಮಾ’ ಎಂದರೆ ಪ್ರಾಯದ ಹುಡುಗಿ. ಗ್ರೀಕ್ ಅನುವಾದದಲ್ಲಿ ಅದು ‘ಪಾರ್ಥೆನೊಸ್’, ಕನ್ಯೆ, ಆಯಿತು. ಮತ್ತಾಯ ಎತ್ತಿಕೊಂಡದ್ದು ಗ್ರೀಕ್ ಪಾಠವನ್ನು. ಇದನ್ನು ಬಚ್ಚಿಡುವ ಮಾರ್ಗದರ್ಶಿಗಳಿದ್ದಾರೆ, ಬಚ್ಚಿಡುವ ಅಗತ್ಯವೇ ಇಲ್ಲ. ಕನ್ಯೆ ಗರ್ಭ ಧರಿಸಿದ್ದನ್ನು ಲೂಕ ಯೆಶಾಯನ ಹೆಸರೆತ್ತದೆಯೇ ಹೇಳಿದ್ದಾನೆ. ಮತ್ತಾಯನಿಗೆ ಆ ಹಳೆಯ ಮಾತು ಮುಖ್ಯವಾದದ್ದು ಮುತ್ತಿಗೆಯ ನಡುವೆ ಒಂದು ಮಗು ಗುರುತಾಗುವುದರಿಂದ.

ಎರಡನೆಯ ದಿನ: ಐನ್ ಕರೆಮ್

ನಜರೇತಿನಿಂದ ಜೆರುಸಲೇಮಿಗೆ ರಸ್ತೆಯಲ್ಲಿ ಸುಮಾರು 150 ಕಿ.ಮೀ., ಎರಡೂವರೆ ಗಂಟೆ ಇಟ್ಟುಕೊಳ್ಳಿ. ಯೋಸೇಫನು ಗಲಿಲಾಯದಿಂದ ಬೇತ್ಲೆಹೇಮಿಗೆ ‘ಏರಿ ಹೋದನು’ ಎನ್ನುತ್ತಾನೆ ಲೂಕ (2:4). ನಕ್ಷೆಯಲ್ಲಿ ಅದು ಕೆಳಕ್ಕಿದ್ದರೂ ನೆಲದ ಲೆಕ್ಕದಲ್ಲಿ ಸರಿ, ನಜರೇತಿಗಿಂತ ಬೇತ್ಲೆಹೇಮ್ ನಾನ್ನೂರು ಮೀಟರಿನಷ್ಟು ಎತ್ತರ. ಕಾಲ್ನಡಿಗೆಗೆ ನಾಲ್ಕೈದು ದಿನವಾದರೂ ಬೇಕಿತ್ತು. ಕತ್ತೆಯ ಮೇಲೆ ಕೂತ ಮರಿಯಳ ಚಿತ್ರ ಎಲ್ಲೆಡೆ ಇದೆ. ಲೂಕನ ಬರಹದಲ್ಲಿ ಕತ್ತೆಯಿಲ್ಲ.

ಸಾಮಾನು ಜೆರುಸಲೇಮಿನಲ್ಲಿ ಇಳಿಸಿ ಮಧ್ಯಾಹ್ನ ಐನ್ ಕರೆಮಿಗೆ ಹೊರಡಬಹುದು: ಮೌಂಟ್ ಹರ್ಜಲ್‌ವರೆಗೆ ಲೈಟ್ ರೈಲು, ಅಲ್ಲಿಂದ ಬಸ್ಸು. ಮರಿಯಳು ತನ್ನ ಬಂಧು ಎಲಿಸಬೇತಳನ್ನು ಕಾಣಲು ಹೋದದ್ದು ಬೆಟ್ಟದ ಸೀಮೆಯಲ್ಲಿದ್ದ ಯೆಹೂದದ ಒಂದು ಊರಿಗೆ (ಲೂಕ 1:39). ಊರಿನ ಹೆಸರು ಬೈಬಲ್ಲಿನಲ್ಲಿಲ್ಲ, ಐನ್ ಕರೆಮ್ ಎಂಬುದು ಪರಂಪರೆಯ ಮಾತು. ಕಣಿವೆಯ ಊಟೆಯಿಂದ ಮೆಟ್ಟಿಲೇರಿ ಸಂದರ್ಶನದ ಚರ್ಚಿಗೆ ಹೋಗಬೇಕು. ಏರು ಕಡಿದಾಗಿದೆ, ಮೊಣಕಾಲು ನೋವಿನವರು ನಿಧಾನಕ್ಕೆ ಹತ್ತಲಿ. ಅಂಗಳದ ಗೋಡೆಯ ಮೇಲೆ ಮರಿಯಳ ಗೀತೆ (1:46ರಿಂದ 55) ಹಲವು ಭಾಷೆಗಳ ಫಲಕಗಳಲ್ಲಿದೆ.

ಆ ಗೀತೆಯ ಪಕ್ಕಕ್ಕೆ ಸಮುವೇಲನ ತಾಯಿ ಹನ್ನಳ ಹಾಡನ್ನು (1 ಸಮುವೇಲ 2:1ರಿಂದ 10) ಇಟ್ಟು ಓದಿ. ಹಸಿದವರಿಗೆ ತುಂಬುವುದು, ಬಲಿಷ್ಠರ ಬಿಲ್ಲು ಮುರಿಯುವುದು, ದೀನರನ್ನು ಎತ್ತುವುದು, ಎಲ್ಲವೂ ಅಲ್ಲೇ ಇವೆ. ಜೋಗುಳದ ದನಿ ಎರಡರಲ್ಲೂ ಇಲ್ಲ. ಕ್ರಿಸ್ಮಸ್ಸನ್ನು ಬರೀ ಮಗುವಿನ ಹಬ್ಬ ಮಾಡುವವರು ಈ ಹತ್ತು ವಚನವನ್ನು ದಾಟಿಯೇ ಹೋಗಬೇಕು. ಅಧಿಪತಿಗಳನ್ನು ಗದ್ದುಗೆಯಿಂದ ಇಳಿಸಿದ್ದಾನೆ, ಐಶ್ವರ್ಯವಂತರನ್ನು ಬರಿಗೈಯಲ್ಲಿ ಕಳಿಸಿದ್ದಾನೆ ಎಂದು ಆಗಿಹೋದ ಕೆಲಸದ ಹಾಗೆ ಅವಳು ಹಾಡುತ್ತಾಳೆ. ಆಗ ಯೆಹೂದ್ಯರ ರಾಜ ಹೆರೋದನೂ ರೋಮಿನ ಚಕ್ರವರ್ತಿ ಔಗುಸ್ತನೂ ಗದ್ದುಗೆಯ ಮೇಲೇ ಇದ್ದರು.

ಮೂರನೆಯ ದಿನ: ಬೇತ್ಲೆಹೇಮ್

ಜೆರುಸಲೇಮಿನಿಂದ ಬೇತ್ಲೆಹೇಮ್ ಹತ್ತು ಕಿ.ಮೀ. ಒಳಗೇ ಇದೆ. ದಮಸ್ಕ ಬಾಗಿಲ ಬಳಿಯ ನಿಲ್ದಾಣದಿಂದ ಅರಬ್ ಬಸ್ಸು ಸಿಗುತ್ತದೆ. ಊರು ಪ್ಯಾಲೆಸ್ತೀನ್ ಆಡಳಿತದಲ್ಲಿದೆ, ಹೋಗುವಾಗ ತಡೆ ಕಡಿಮೆ, ಬರುವಾಗ ತನಿಖೆ. ಇಸ್ರೇಲಿನಲ್ಲಿ ಬಾಡಿಗೆಗೆ ತೆಗೆದ ಕಾರುಗಳ ವಿಮೆ ಬಹಳಷ್ಟು ಸಲ ಈ ಕಡೆಗೆ ಅನ್ವಯಿಸುವುದಿಲ್ಲ, ಕರಾರು ಓದದೆ ತರಬೇಡಿ. 24ರಂದು ಜನಸಾಗರ, ಗುಹೆಯನ್ನು 23ರಂದೇ, ಅದೂ ಬಾಗಿಲು ತೆರೆಯುವ ಹೊತ್ತಿಗೆ ನೋಡಿ ಮುಗಿಸಬೇಕು. ಹತ್ತರ ಮೇಲೆ ದಿನದ ತಂಡಗಳು ಬಂದಿಳಿಯುತ್ತವೆ. 23 ಭಾನುವಾರವಾದರೆ ಬೆಳಗಿನ ಪೂಜೆಗಳು ಮುಗಿಯುವ ತನಕ ಗುಹೆ ಸಿಗುವುದು ಕಷ್ಟ.

ಜನನದ ಚರ್ಚಿನ ಬಾಗಿಲಿನ ಎತ್ತರ ಸುಮಾರು 1.2 ಮೀಟರ್. ದೀನತೆಯ ಬಾಗಿಲು ಎಂದು ಹೆಸರು, ಬಾಗಿ ಒಳಹೋಗಬೇಕಾದ್ದರಿಂದ. ಪ್ರವಚನಕ್ಕೆ ಚೆನ್ನಾಗಿ ಒದಗುವ ಹೆಸರು, ಆದರೆ ಬಾಗಿಲು ಚಿಕ್ಕದಾದದ್ದು ಕುದುರೆ, ಗಾಡಿ ಒಳನುಗ್ಗದಿರಲೆಂದು. ಹಿಂದಕ್ಕೆ ಸರಿದು ಗೋಡೆ ನೋಡಿದರೆ ಮೂರು ಕಾಲದ ಬಾಗಿಲು ಒಂದರೊಳಗೊಂದು ಕಾಣುತ್ತವೆ: ಮೇಲೆ ಚಕ್ರವರ್ತಿ ಜಸ್ಟಿನಿಯನ್ ಕಾಲದ ಅಗಲವಾದ ಕಲ್ಲಿನ ತೊಲೆ, ಅದರ ಕೆಳಗೆ ಕ್ರುಸೇಡರುಗಳ (ಯುರೋಪಿನ ಧರ್ಮಯೋಧರ) ಚೂಪು ಕಮಾನು, ಕೊನೆಗೆ ಈಗಿನ ಕಿಂಡಿ. ರೋಮಿನ ಚಕ್ರವರ್ತಿ ಕಾನ್‌ಸ್ಟಂಟೈನ್ ಕಟ್ಟಿಸಿದ ಮೊದಲ ಚರ್ಚು 339ರಲ್ಲಿ ಪ್ರತಿಷ್ಠೆಗೊಂಡಿತ್ತು. ಅದು ಹಾಳಾದ ಮೇಲೆ ಆರನೆಯ ಶತಮಾನದಲ್ಲಿ ಈಗಿನದು ಎದ್ದಿತು. 614ರಲ್ಲಿ ಪರ್ಷಿಯನ್ ಸೇನೆ ಇದನ್ನು ಮುಟ್ಟದೆ ಬಿಟ್ಟದ್ದು ಗೋಡೆಯ ಮೇಲಿನ ಚಿತ್ರದ ಜೋಯಿಸರು (ಮಗುವನ್ನು ನೋಡಲು ಪೂರ್ವದಿಂದ ಬಂದವರು) ತಮ್ಮ ದೇಶದ ಉಡುಪಿನಲ್ಲಿದ್ದುದನ್ನು ಕಂಡು ಎಂಬ ಐತಿಹ್ಯವಿದೆ. 2013ರಿಂದ ನಡೆದ ದುರಸ್ತಿಯಲ್ಲಿ ಸೋರುತ್ತಿದ್ದ ಚಾವಣಿ ಸರಿಯಾಯಿತು, 12ನೆಯ ಶತಮಾನದ ಮೊಸಾಯಿಕ್‌ಗಳ ಮಸಿ ಕಳೆಯಿತು. ಹಳೆಯ ಪುಸ್ತಕಗಳಲ್ಲಿ ಕಪ್ಪಗೆ ಕಾಣುವ ಗೋಡೆ ಈಗ ಚಿನ್ನದ ಬಣ್ಣಕ್ಕಿದೆ.

ಗುಹೆಗೆ ಇಳಿಯುವ ಸಾಲು ಬಲಗಡೆಯ ಕಂಬಗಳ ಪಕ್ಕ ನಿಲ್ಲುತ್ತದೆ. ಅರ್ಧವೃತ್ತದ ಮೆಟ್ಟಿಲುಗಳು ಸವೆದು ಜಾರುತ್ತವೆ. ಬ್ಯಾಗನ್ನು ಎದೆಯ ಮೇಲೆ ಹಾಕಿಕೊಂಡು ಎಡಗೈ ಗೋಡೆಗಿಟ್ಟು ಇಳಿಯಿರಿ. ಕೆಳಗೆ ಬೆಳ್ಳಿಯ ನಕ್ಷತ್ರಕ್ಕೆ ಹದಿನಾಲ್ಕು ಮೊನೆ. ಮತ್ತಾಯನ ವಂಶಾವಳಿ ಹದಿನಾಲ್ಕು ಹದಿನಾಲ್ಕು ತಲೆಗಳ ಮೂರು ಗುಂಪಾಗಿರುವುದಕ್ಕೆ ಇದನ್ನು ಜೋಡಿಸುವುದುಂಟು. ಮೊದಲ ನಕ್ಷತ್ರ 1717ರದು. 1847ರಲ್ಲಿ ಅದು ಕಾಣೆಯಾದದ್ದು ಫ್ರಾನ್ಸ್, ರಷ್ಯಾ, ತುರ್ಕಿಗಳ ಜಗಳಕ್ಕೆ ತುಪ್ಪ ಸುರಿಯಿತು. ಕ್ರಿಮಿಯಾ ಯುದ್ಧದ ಕಾರಣಗಳಲ್ಲಿ ಇದನ್ನೂ ಎಣಿಸುತ್ತಾರೆ. ಸಮಾಧಾನದ ಪ್ರಭು ಹುಟ್ಟಿದ ಜಾಗ! ನಕ್ಷತ್ರದ ಮುಂದೆ ಸಿಗುವುದು ಕೆಲವೇ ಸೆಕೆಂಡು. ಮೇಲಿನ ಬಲಿಪೀಠ ತಗ್ಗಾಗಿದೆ, ಎದ್ದೇಳುವಾಗ ತಲೆ ಹೊಡೆಸಿಕೊಳ್ಳುವವರೇ ಹೆಚ್ಚು. ಅಲ್ಲಿಂದ ಸೀದಾ ಹೊರಗೆ ಹೋಗಿಬಿಡಬೇಡಿ. ಕೆಲವೇ ಹೆಜ್ಜೆ ದೂರದಲ್ಲಿ, ಇನ್ನಷ್ಟು ತಗ್ಗಿನಲ್ಲಿ, ಗೋದಲಿಯ (ದನದ ಮೇವಿನ ತೊಟ್ಟಿಯ) ಬಲಿಪೀಠವಿದೆ. ನಕ್ಷತ್ರದ ಗಡಿಬಿಡಿಯಲ್ಲಿ ಜನ ಅದನ್ನು ನೋಡುವುದೇ ಇಲ್ಲ, ಅದಕ್ಕೇ ಅಲ್ಲಿ ಒಂದು ನಿಮಿಷ ನಿಲ್ಲಲು ಆಗುತ್ತದೆ.

ನಿಂತದ್ದಕ್ಕೆ ಕಾರಣವೂ ಇದೆ. ಲೂಕ 2:7ರಲ್ಲಿ ನಕ್ಷತ್ರವಿಲ್ಲ, ಗುಹೆಯಿಲ್ಲ. ಗುಹೆಯ ಮಾತು ಮೊದಲು ಬರುವುದು ಎರಡನೆಯ ಶತಮಾನದ ನಡುವಿನಲ್ಲಿ ಜಸ್ಟಿನ್ ಎಂಬ ಕ್ರೈಸ್ತ ಲೇಖಕನಲ್ಲಿ. ಲೂಕ ಹೇಳುವ ವಸ್ತು ಒಂದೇ, ಗೋದಲಿ. ಅದನ್ನು ಒಂದೇ ಅಧ್ಯಾಯದಲ್ಲಿ ಮೂರು ಸಲ ಹೇಳುತ್ತಾನೆ. ಕನ್ನಡದ ಬೈಬಲ್ಲಿನಲ್ಲಿ ‘ಛತ್ರದಲ್ಲಿ’ ಸ್ಥಳವಿಲ್ಲದ್ದರಿಂದ ಮಗುವನ್ನು ಗೋದಲಿಯಲ್ಲಿ ಮಲಗಿಸಿದರು. ಛತ್ರ ಎಂದಾಗ ನಮಗೆ ಪಡಸಾಲೆ, ಕಾವಲುಗಾರ, ಬಾಡಿಗೆಯ ಕೋಣೆ ಕಣ್ಣಿಗೆ ಬರುತ್ತವೆ. ಗ್ರೀಕಿನಲ್ಲಿರುವುದು ‘ಕತಾಲುಮಾ’. ಇದೇ ಪದವನ್ನು ಲೂಕ 22:11ರಲ್ಲಿ ಕಡೆಯ ಊಟದ ಮಹಡಿ ಕೋಣೆಗೆ ಬಳಸಿದ್ದಾನೆ. ನಿಜವಾದ ಛತ್ರ ಬೇಕಾದಾಗ, ಒಳ್ಳೆಯ ಸಮಾರ್ಯನ ಸಾಮ್ಯದಲ್ಲಿ (10:34), ‘ಪಂದೊಖೆಯೊನ್’ ಎಂಬ ಬೇರೆಯೇ ಪದ ಬಳಸುತ್ತಾನೆ. ಅಂದಮೇಲೆ ಇಲ್ಲಿ ತುಂಬಿದ್ದು ಯಾರದೋ ಮನೆಯ ಅತಿಥಿ ಕೋಣೆ ಎಂದು ಓದುವುದೇ ಹೆಚ್ಚು ಸರಿ.

ಆ ನಾಡಿನ ಹಳ್ಳಿ ಮನೆಯಲ್ಲಿ ಜನ ಮಲಗುವುದು ಸ್ವಲ್ಪ ಎತ್ತರದ ಜಗಲಿಯ ಮೇಲೆ, ರಾತ್ರಿ ದನ ಕುರಿ ಕಟ್ಟುವುದು ಅದೇ ಸೂರಿನ ಕೆಳಗಿನ ತಗ್ಗಿನಲ್ಲಿ, ಮೇವಿನ ತೊಟ್ಟಿ ಎರಡರ ಅಂಚಿನಲ್ಲಿ. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದ ಕೂಡಲೇ ದನದ ಗ್ವಾದಲಿ ಕಂಡವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಹೀಗೆ ಓದಿದರೆ ಊರಾಚೆಯ ಕೊಟ್ಟಿಗೆಯೂ ಕಲ್ಲೆದೆಯ ಛತ್ರದವನೂ ಮಾಯವಾಗುತ್ತಾರೆ. ಬಸುರಿಯನ್ನು ಹೊರದಬ್ಬಿದ ಊರಿನ ಕಥೆ ಹೋಗಿ, ಕಾಲಿಡಲು ಜಾಗವಿಲ್ಲದಿದ್ದರೂ ಒಳಗೆ ಕರೆದುಕೊಂಡ ಮನೆಯೊಂದರ ಕಥೆಯಾಗುತ್ತದೆ. ಯೋಹಾನ ಹೇಳಿದ ‘ನಮ್ಮ ಮಧ್ಯದಲ್ಲಿ’ ಎಂಬುದಕ್ಕೆ ಇದೇ ಹತ್ತಿರ. ಬಡತನ ಕಡಿಮೆಯಾಗುವುದಿಲ್ಲ, ಒಂಟಿತನ ಮಾತ್ರ ಕಡಿಮೆಯಾಗುತ್ತದೆ. ಎತ್ತು ಕತ್ತೆಗಳ ಸಂಗತಿ ಯೆಶಾಯ 1:3ರಿಂದ ಬಂದದ್ದು: ಎತ್ತು ತನ್ನ ಯಜಮಾನನನ್ನು, ಕತ್ತೆ ತನ್ನ ಒಡೆಯನ ಗೋದಲಿಯನ್ನು ಬಲ್ಲದು, ಇಸ್ರಾಯೇಲಿಗೆ ತಿಳಿಯದು. ಗೊಂಬೆ ಮಾಡಿದವರು ಅಂದಕ್ಕೆಂದು ಸೇರಿಸಿದ್ದಲ್ಲ, ಅದೊಂದು ಆಪಾದನೆ. ಬೇತ್ಲೆಹೇಮ್ ಎಂಬ ಹೆಸರಿಗೆ ರೊಟ್ಟಿಯ ಮನೆ ಎಂದು ಅರ್ಥ. ಮೇವಿನ ತೊಟ್ಟಿಯಲ್ಲಿ ಮಲಗಿದವನು ಮುಂದೆ ತನ್ನನ್ನೇ ಜೀವದ ರೊಟ್ಟಿ ಎಂದುಕೊಂಡ (ಯೋಹಾನ 6:35).

ಹೊರಬಂದು ಪಕ್ಕದ ಸಂತ ಕ್ಯಾಥರೀನ್ ಚರ್ಚಿನ ಕೆಳಗೆ ಇಳಿದರೆ ಜೆರೋಮನ ಗುಹೆ. 386ರಲ್ಲಿ ಬೇತ್ಲೆಹೇಮಿಗೆ ಬಂದು 420ರಲ್ಲಿ ಸಾಯುವವರೆಗೂ ಇಲ್ಲೇ ಇದ್ದು ಬೈಬಲ್ಲನ್ನು ಲ್ಯಾಟಿನ್ನಿಗೆ ತಂದವನು. ಮೇಲಿನ ನೂಕುನುಗ್ಗಲಿಗೆ ಹೋಲಿಸಿದರೆ ಇಲ್ಲಿ ಯಾರೂ ಇರುವುದಿಲ್ಲ. ಲೂಕನ ಎರಡನೆಯ ಅಧ್ಯಾಯವನ್ನು ಗಟ್ಟಿಯಾಗಿ ಓದಬೇಕೆಂದಿದ್ದರೆ ಜಾಗ ಇದೇ.

ಈ ಊರಿನಲ್ಲಿ ಕ್ರಿಸ್ಮಸ್ ವರ್ಷಕ್ಕೆ ಮೂರು ಸಲ. ಪಶ್ಚಿಮದ ಚರ್ಚುಗಳಿಗೆ ಡಿಸೆಂಬರ್ 25. ಗ್ರೀಕ್, ಕಾಪ್ಟಿಕ್, ಸಿರಿಯಕ್, ಇಥಿಯೋಪಿಯದವರಿಗೆ ಜನವರಿ 7, ಏಕೆಂದರೆ ಅವರ ಹಳೆಯ ಪಂಚಾಂಗ ಈಗ ಹದಿಮೂರು ದಿನ ಹಿಂದಿದೆ. ಇಲ್ಲಿನ ಅರ್ಮೇನಿಯದವರು ಜನನವನ್ನೂ ದೀಕ್ಷಾಸ್ನಾನವನ್ನೂ ಒಟ್ಟಿಗೆ ಜನವರಿ 6ಕ್ಕೆ ಆಚರಿಸುವವರು. ಅದೂ ಹಳೆಯ ಪಂಚಾಂಗದಲ್ಲಿ, ಹಾಗಾಗಿ ನಮ್ಮ ಲೆಕ್ಕಕ್ಕೆ ಜನವರಿ 19. ಯಾವುದಕ್ಕೂ ಬೈಬಲ್ಲಿನ ಆಧಾರವಿಲ್ಲ, ಅಲ್ಲಿ ತಿಂಗಳೂ ಇಲ್ಲ ತೇದಿಯೂ ಇಲ್ಲ. ಡಿಸೆಂಬರ್ 25ರ ಆಚರಣೆಗೆ ಸಿಗುವ ಹಳೆಯ ರೋಮನ್ ದಾಖಲೆ ನಾಲ್ಕನೆಯ ಶತಮಾನದ್ದು. ಸೂರ್ಯದೇವನ ಹಬ್ಬವನ್ನು ಬದಲಿಸಿದರು ಎನ್ನುವವರಿದ್ದಾರೆ, ಮಾರ್ಚ್ 25ರಿಂದ ಒಂಬತ್ತು ತಿಂಗಳು ಎಣಿಸಿದರು ಎನ್ನುವವರಿದ್ದಾರೆ. ವಾದ ಮುಗಿದಿಲ್ಲ.

ನಾಲ್ಕನೆಯ ದಿನ: ಕುರುಬರ ಹೊಲ, ನಡುರಾತ್ರಿಯ ಬಲಿಪೂಜೆ

24ರ ಬೆಳಗ್ಗೆ ಬೇಗ ಬೈತ್ ಸಹೂರ್‌ಗೆ ಹೊರಡಿ, ಗೋದಲಿ ಚೌಕದಿಂದ ಪೂರ್ವಕ್ಕೆ ಇಳಿಜಾರಿನಲ್ಲಿ ಎರಡು ಕಿ.ಮೀ. ಚಿಲ್ಲರೆ. ಹೋಗುವಾಗ ನಡೆಯಬಹುದು, ಬರುವಾಗ ಏರು, ಟ್ಯಾಕ್ಸಿ ಹಿಡಿಯಿರಿ. ಕುರುಬರ ಹೊಲ ಎಂದು ತೋರಿಸುವ ಜಾಗ ಒಂದಕ್ಕಿಂತ ಹೆಚ್ಚಿವೆ. ಫ್ರಾನ್ಸಿಸ್ಕನ್ ಸನ್ಯಾಸಿಗಳ ಡೇರೆಯ ಆಕಾರದ ಪ್ರಾರ್ಥನಾಲಯವನ್ನು 1950ರ ದಶಕದಲ್ಲಿ ಅಂತೋನಿಯೊ ಬಾರ್ಲುಚ್ಚಿ ಕಟ್ಟಿದರು, ಗ್ರೀಕರ ಜಾಗದಲ್ಲಿ ನಾಲ್ಕನೆಯ ಶತಮಾನದಷ್ಟು ಹಳೆಯ ನೆಲಮಾಳಿಗೆ ಇದೆ. ಇಲ್ಲಿನ ಕುರಿಗಳೆಲ್ಲ ದೇವಾಲಯದ ಬಲಿಗೆಂದೇ ಸಾಕಿದವು, ಮರಿಗಳನ್ನು ಬಟ್ಟೆಯಲ್ಲಿ ಸುತ್ತಿ ಗೋದಲಿಯಲ್ಲಿಡುತ್ತಿದ್ದರು ಎಂಬ ವಿವರಣೆ ಇತ್ತೀಚೆಗೆ ಬಹಳ ಓಡುತ್ತಿದೆ. ಕೇಳಲು ಚೆನ್ನ. ಲೂಕನಲ್ಲಿ ಇದರ ಸುಳಿವೂ ಇಲ್ಲ. ಮಗುವನ್ನು ಬಟ್ಟೆಯಲ್ಲಿ ಸುತ್ತುವುದು ಆ ಕಾಲದ ಎಲ್ಲ ತಾಯಂದಿರ ರೂಢಿ. ಕುರುಬರಿಗೆ ಗುರುತಾಗಿ ಒದಗಿದ್ದು ಆ ಬಟ್ಟೆಯ ಜೊತೆಗಿದ್ದ ಗೋದಲಿ.

ಇಲ್ಲಿ ಲೂಕ 2:1ರಿಂದ 14ನ್ನು ಓದುವಾಗ ಮೊದಲ ಹೆಸರನ್ನು ಗಮನಿಸಿ: ಔಗುಸ್ತ. ಕ್ರಿಸ್ತಪೂರ್ವ 9ರ ಒಂದು ಶಾಸನ ಈಗಿನ ತುರ್ಕಿಯ ಪ್ರಿಯೇನೆಯಲ್ಲಿ ಸಿಕ್ಕಿದೆ. ಔಗುಸ್ತನ 'ಹುಟ್ಟುಹಬ್ಬವೇ ಲೋಕಕ್ಕೆ ಶುಭಸಮಾಚಾರದ ಆರಂಭ' ಎಂಬ ಭಾವ ಅದರಲ್ಲಿದೆ, ಅವನನ್ನು ರಕ್ಷಕನೆಂದೂ ಕರೆಯುತ್ತದೆ. ದೂತ ಕುರುಬರಿಗೆ ಹೇಳಿದ್ದು ಇದೇ ಪದಗಳನ್ನು: ಶುಭಸಮಾಚಾರ, ಹುಟ್ಟಿದ್ದಾನೆ, ರಕ್ಷಕ. ಚಕ್ರವರ್ತಿಗೆ ಸಲ್ಲುತ್ತಿದ್ದ ಬಿರುದುಗಳನ್ನು ತೊಟ್ಟಿಯಲ್ಲಿ ಮಲಗಿದ ಕೂಸಿಗೆ ಕೊಟ್ಟರೆ ಅದು ರಾಜದ್ರೋಹಕ್ಕೆ ಸಮೀಪದ ಮಾತು. ನಮ್ಮ ಕ್ಯಾರಲ್ ಹಾಡುಗಳಲ್ಲಿ ಆ ಮೊನಚು ಉಳಿದಿಲ್ಲ. 14ನೆಯ ವಚನದಲ್ಲಿ ಹಸ್ತಪ್ರತಿಗಳು ಒಂದು ಅಕ್ಷರಕ್ಕೆ ಬೇರೆಯಾಗುತ್ತವೆ. ಕೊನೆಗೆ ಸಿಗ್ಮ (ಗ್ರೀಕಿನ ‘ಸ’) ಇಲ್ಲದಿದ್ದರೆ ‘ಮನುಷ್ಯರ ಕಡೆಗೆ ದಯೆ’, ಇದ್ದರೆ ‘ದೇವರು ಮೆಚ್ಚಿದ ಮನುಷ್ಯರಲ್ಲಿ ಸಮಾಧಾನ’. ಹಳೆಯ ಪ್ರತಿಗಳು ಎರಡನೆಯದರ ಕಡೆಗಿವೆ.

ಮಧ್ಯಾಹ್ನದೊಳಗೆ ಚೌಕಕ್ಕೆ ಮರಳಿಬಿಡಿ. ಜೆರುಸಲೇಮಿನಿಂದ ಲ್ಯಾಟಿನ್ ಪಿತೃಪ್ರಧಾನರ (ಅಲ್ಲಿನ ಕ್ಯಾಥೊಲಿಕರ ಮುಖ್ಯಸ್ಥರ) ಮೆರವಣಿಗೆ ಬರುತ್ತದೆ, ಮುಂದೆ ಬ್ಯಾಗ್‌ಪೈಪ್ ಊದುವ ಪ್ಯಾಲೆಸ್ತೀನಿ ಸ್ಕೌಟ್ ಹುಡುಗರು. ರಸ್ತೆಗಳು ಮುಚ್ಚುತ್ತವೆ, ಟ್ಯಾಕ್ಸಿ ಸಿಗುವುದಿಲ್ಲ. ನಡುರಾತ್ರಿಯ ಬಲಿಪೂಜೆ ನಡೆಯುವುದು ಸಂತ ಕ್ಯಾಥರೀನ್ ಚರ್ಚಿನಲ್ಲಿ. ಪ್ರವೇಶಕ್ಕೆ ಚೀಟಿ ಬೇಕು. ಅದು ಉಚಿತ, ಆದರೆ ಫ್ರಾನ್ಸಿಸ್ಕನ್ನರ ಯಾತ್ರಿಕರ ಕಚೇರಿಗೆ ಬಹಳ ಮುಂಚೆ ಬರೆದು ಕೇಳಿ, ಜೆರುಸಲೇಮಿನಲ್ಲಿ ಕೈಯಾರೆ ಪಡೆಯಬೇಕು. ಯಾರಾದರೂ ಇದನ್ನು ಹಣಕ್ಕೆ ಮಾರಲು ಬಂದರೆ ಕೊಳ್ಳಬೇಡಿ. ಚೀಟಿ ಇದ್ದರೂ ಎರಡು ಮೂರು ಗಂಟೆ ಮೊದಲೇ ಹೋಗಬೇಕು, ಇಲ್ಲದವರಿಗೆ ಚೌಕದಲ್ಲಿ ಪರದೆ ಹಾಕಿರುತ್ತಾರೆ. ಪೂಜೆ ಬಹುಪಾಲು ಲ್ಯಾಟಿನ್ನಿನಲ್ಲಿ. ಪಾಠಗಳು ಯೆಶಾಯ 9, ತೀತ 2, ಲೂಕ 2. ಕನ್ನಡ ಬೈಬಲ್ಲಿನಲ್ಲಿ ಗುರುತು ಹಾಕಿಟ್ಟುಕೊಂಡರೆ ಜೊತೆಜೊತೆಗೆ ಓದಿಕೊಳ್ಳಬಹುದು. ಕೊನೆಯಲ್ಲಿ ಬಾಲಯೇಸುವಿನ ಪ್ರತಿಮೆಯನ್ನು ಗುಹೆಗೆ ಒಯ್ದು ಮಲಗಿಸುತ್ತಾರೆ.

ಐದನೆಯ ದಿನ: ಹೆರೋದಿಯಮ್

ಓದು: ಮತ್ತಾಯ 2. ಬೇತ್ಲೆಹೇಮಿನ ಆಗ್ನೇಯಕ್ಕೆ ಐದಾರು ಕಿ.ಮೀ. ದೂರದಲ್ಲಿ ತಲೆ ಕತ್ತರಿಸಿದ ಶಂಕುವಿನಂಥ ಗುಡ್ಡ ನಿನ್ನೆ ಕುರುಬರ ಹೊಲದಿಂದಲೇ ಕಂಡಿರುತ್ತದೆ. ಹೆರೋದ ಮಣ್ಣು ತುಂಬಿಸಿ ಎತ್ತರಿಸಿ, ಅದರೊಳಗೆ ಅರಮನೆ ಕೋಟೆ ಕಟ್ಟಿ, ತನ್ನ ಹೆಸರನ್ನೇ ಇಟ್ಟ. ಹೋಗಿಬರಲು ಟ್ಯಾಕ್ಸಿಯೇ ದಾರಿ. ಕಾಯುವ ಹೊತ್ತೂ ಸೇರಿಸಿ ಬಾಡಿಗೆಯನ್ನು ಹತ್ತುವ ಮುಂಚೆಯೇ ಮಾತಾಡಿಕೊಳ್ಳಿ. ಶುಕ್ರವಾರ ಬೇಗ ಮುಚ್ಚುತ್ತಾರೆ. ನೀರಿನ ತೊಟ್ಟಿಗಳ ಸುರಂಗದ ಮೂಲಕ ಇಳಿಯುವ ದಾರಿ ಒದ್ದೆ, ಮೆಟ್ಟಿಲು ಬಹಳ. ಅವನ ಸಮಾಧಿಯನ್ನು 2007ರಲ್ಲಿ ಪುರಾತತ್ವಜ್ಞ ಎಹೂದ್ ನೆಟ್ಜರ್ ಗುಡ್ಡದ ಇಳಿಜಾರಿನಲ್ಲಿ ಗುರುತಿಸಿದರು.

ಮೇಲೆ ನಿಂತರೆ ಬೇತ್ಲೆಹೇಮ್ ಎದುರಿಗೇ ಇದೆ. ಹೆಂಡತಿ ಮರಿಯಮ್ನೆಯನ್ನೂ ಮೂವರು ಗಂಡುಮಕ್ಕಳನ್ನೂ ಕೊಲ್ಲಿಸಿದವನು ಇವನು. ಮತ್ತಾಯ ಹೇಳುವ, ಬೇತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಕೂಸುಗಳನ್ನು ಕೊಲ್ಲಿಸಿದ ಸುದ್ದಿ ಇತಿಹಾಸಕಾರ ಜೋಸೆಫಸನಲ್ಲಿ ಇಲ್ಲ. ಊರು ಚಿಕ್ಕದು, ಸತ್ತ ಕೂಸುಗಳ ಸಂಖ್ಯೆಯೂ ಚಿಕ್ಕದೇ ಇದ್ದೀತು. ಹೆರೋದನ ಪಾತಕಗಳ ಪಟ್ಟಿಯಲ್ಲಿ ಇದು ಎದ್ದುಕಾಣದಿದ್ದರೆ ಆಶ್ಚರ್ಯವಿಲ್ಲ. ಮತ್ತಾಯ ಆ ತಾಯಂದಿರ ಅಳುವಿಗೆ ಇಸ್ರಾಯೇಲ್ಯರ ಮೂಲತಾಯಿ ರಾಹೇಲಳ ಗೋಳನ್ನು (ಯೆರೆಮೀಯ 31:15) ಜೋಡಿಸುತ್ತಾನೆ. ರಾಹೇಲಳ ಸಮಾಧಿ ಊರಿನ ಉತ್ತರದ ಅಂಚಿನಲ್ಲೇ ಇದೆ. ಈಗ ಅದು ಎತ್ತರದ ಕಾಂಕ್ರೀಟ್ ಗೋಡೆಯ ಆಚೆ ಬದಿಗೆ ಸೇರಿದೆ, ಬೇತ್ಲೆಹೇಮಿನಿಂದ ನೇರ ಹೋಗಲಾಗದು, ಜೆರುಸಲೇಮಿನ ಕಡೆಯಿಂದ ಬರಬೇಕು.

ಹೆರೋದ ಸತ್ತದ್ದು ಕ್ರಿಸ್ತಪೂರ್ವ 4ರಲ್ಲಿ ಎಂಬುದು ಹೆಚ್ಚಿನ ವಿದ್ವಾಂಸರ ಲೆಕ್ಕ. ಆರನೆಯ ಶತಮಾನದಲ್ಲಿ ದಿಯೋನೀಸಿಯಸ್ ಎಂಬ ಸನ್ಯಾಸಿ ಕ್ರಿಸ್ತಶಕ ಎಣಿಸುವಾಗ ತಪ್ಪಿದ. ಹಾಗಾಗಿ ಕ್ರಿಸ್ತ ಹುಟ್ಟಿದ್ದು ‘ಕ್ರಿಸ್ತಪೂರ್ವ’ದಲ್ಲಿ! ಯೋಸೇಫನನ್ನು ಬೇತ್ಲೆಹೇಮಿಗೆ ಹೊರಡಿಸಿದ, ಸಿರಿಯದ ಅಧಿಪತಿ ಕುರೇನ್ಯನ ಕಾಲದ ಜನಗಣತಿ (ಲೂಕ 2:2) ಜೋಸೆಫಸನ ಪ್ರಕಾರ ಕ್ರಿಸ್ತಶಕ 6ರದ್ದು, ಹತ್ತು ವರ್ಷದ ಈ ತೊಡಕು ಇನ್ನೂ ಬಿಡಿಸಿಲ್ಲ. ಜೋಯಿಸರ ಸಂಖ್ಯೆಯನ್ನೂ ಮತ್ತಾಯ ಹೇಳುವುದಿಲ್ಲ. ಮೂರು ಕಾಣಿಕೆಯಿಂದ ಮೂವರಾದರು, ಕೀರ್ತನೆ 72 ಮತ್ತು ಯೆಶಾಯ 60ರಿಂದ ರಾಜರಾದರು, ಒಂಟೆಯೂ ಯೆಶಾಯನದೇ. ಅವರು ಬಂದದ್ದು ‘ಮನೆಗೆ’ (2:11), ಕುರುಬರ ರಾತ್ರಿಗಲ್ಲ. ಧರ್ಮಶಾಸ್ತ್ರ ಬಲ್ಲ ಯಾಜಕರು ಕ್ರಿಸ್ತ ಹುಟ್ಟುವುದು ಬೇತ್ಲೆಹೇಮಿನಲ್ಲಿ ಎಂದು ಮೀಕನ ಪುಸ್ತಕದ ವಚನ ಹೇಳಿ ಜೆರುಸಲೇಮಿನಲ್ಲೇ ಕೂತರು. ನಡೆದುಹೋದವರು ನಕ್ಷತ್ರ ನೋಡುವ ಪರದೇಶದ ಜೋಯಿಸರು.

ಆರನೆಯ ದಿನ: ದೇವಾಲಯದ ದಕ್ಷಿಣದ ಮೆಟ್ಟಿಲು

ಕ್ರಿಸ್ಮಸ್ ಕಥೆಯನ್ನು ಲೂಕ ಬೇತ್ಲೆಹೇಮಿನಲ್ಲಿ ನಿಲ್ಲಿಸುವುದಿಲ್ಲ. ನಲವತ್ತು ದಿನದ ಕೂಸನ್ನು ಎತ್ತಿಕೊಂಡು ತಂದೆತಾಯಿ ಜೆರುಸಲೇಮಿಗೆ ಬರುತ್ತಾರೆ (2:22ರಿಂದ 38). ಕಸದ ಬಾಗಿಲು ಎಂಬ ಕೋಟೆಬಾಗಿಲ ಹತ್ತಿರದ ಪುರಾತತ್ವ ಉದ್ಯಾನಕ್ಕೆ ಟಿಕೆಟ್ ಕೊಂಡು ಒಳಹೋಗಿ; ಸಬ್ಬತ್ತಿನಂದು ಮುಚ್ಚಿರುತ್ತದೆ, 26 ಶನಿವಾರವಾದರೆ ಇದನ್ನು ಎರಡನೆಯ ದಿನಕ್ಕೆ ಸೇರಿಸಿ. ದಕ್ಷಿಣದ ಗೋಡೆಯ ಕೆಳಗೆ ಯಾತ್ರಿಕರು ಹತ್ತುತ್ತಿದ್ದ ಅಗಲವಾದ ಮೆಟ್ಟಿಲಸಾಲು ಇದೆ. ಕೆಲವು ಮೆಟ್ಟಿಲು ಅಗಲ, ಕೆಲವು ಕಿರಿದು, ಹಾಗಾಗಿ ಓಡಲಾಗದು, ಕಾಲು ನೋಡಿಕೊಂಡೇ ಹತ್ತಬೇಕು. ಪಕ್ಕದಲ್ಲಿ ಶುದ್ಧೀಕರಣದ ಸ್ನಾನದ ಕೊಳಗಳು. ಇಡೀ ಆರು ದಿನದಲ್ಲಿ ಯೋಸೇಫ ಮರಿಯರು ನಿಜಕ್ಕೂ ನಡೆದಿರಬಹುದಾದ ಕಲ್ಲು ಎಂದು ಧೈರ್ಯವಾಗಿ ಹೇಳಬಹುದಾದದ್ದು ಬಹುಶಃ ಇವೇ.

ಇಲ್ಲಿ ಯಾಜಕಕಾಂಡ 12ನ್ನು ತೆಗೆಯಬೇಕು. ಗಂಡು ಹೆತ್ತವಳಿಗೆ ಏಳು ದಿನದ ಮೈಲಿಗೆ, ಆಮೇಲೆ ಶುದ್ಧಿಗೆ ಮೂವತ್ತಮೂರು ದಿನ. ಅನಂತರ ಒಂದು ವರ್ಷದ ಕುರಿಮರಿ, ಒಂದು ಹಕ್ಕಿ ತರಬೇಕು. ಕುರಿಗೆ ಕೈಸಾಗದಿದ್ದರೆ ಎರಡು ಬೆಳವಕ್ಕಿ, ಇಲ್ಲವೆ ಎರಡು ಪಾರಿವಾಳದ ಮರಿ. ಲೂಕ ಹಕ್ಕಿಗಳನ್ನಷ್ಟೇ ಹೆಸರಿಸುತ್ತಾನೆ. ಬಡವರು ಎಂಬ ಪದ ಎಲ್ಲಿಯೂ ಇಲ್ಲ, ಕಾಣಿಕೆಯ ಪಟ್ಟಿಯೇ ಹೇಳಿಬಿಟ್ಟಿದೆ. ಮುದುಕ ಸಿಮೆಯೋನ ಕೂಸನ್ನು ಎತ್ತಿಕೊಂಡು ಅನ್ಯಜನರಿಗೆ ಬೆಳಕು ಎನ್ನುತ್ತಾನೆ, ತಾಯಿಯ ಕಡೆ ತಿರುಗಿ ನಿನ್ನ ಪ್ರಾಣಕ್ಕಂತೂ ಅಲಗು ನಾಟಿದಂತಾಗುವುದು ಎನ್ನುತ್ತಾನೆ. ಕ್ರಿಸ್ಮಸ್ ಕಾರ್ಡುಗಳಲ್ಲಿ ಆ ಎರಡನೆಯ ಮಾತು ಅಚ್ಚಾದದ್ದು ಅಪರೂಪ. ಶಿಲುಬೆಯ ಜಾಗವೆಂದು ತೋರಿಸುವ ಪವಿತ್ರ ಸಮಾಧಿಯ ಚರ್ಚು ಈ ಮೆಟ್ಟಿಲಿನಿಂದ ಹದಿನೈದು ಇಪ್ಪತ್ತು ನಿಮಿಷದ ನಡಿಗೆ. ಸಂಜೆಗೆ ಅಲ್ಲಿಗೆ ಹೋದರೆ ಸಿಮೆಯೋನನ ಮಾತಿನ ಉಳಿದರ್ಧ ತಿಳಿಯುತ್ತದೆ.

ರಾತ್ರಿ ಗಂಟುಮೂಟೆ ಕಟ್ಟುವಾಗ ಒಂದು ಸೂಚನೆ. ಬೇತ್ಲೆಹೇಮಿನ ಆಲಿವ್ ಮರದ ಗೋದಲಿ ಸೆಟ್ಟನ್ನು ಬಹುತೇಕ ಎಲ್ಲರೂ ಕೊಳ್ಳುತ್ತಾರೆ. ಸರಿಯಾಗಿ ಒಣಗದ ಮರ ನಮ್ಮ ಬೇಸಿಗೆಯಲ್ಲಿ ಸೀಳುತ್ತದೆ. ಗೊಂಬೆಯನ್ನು ಕೈಯಲ್ಲಿ ಹಿಡಿದು ನೋಡಿ, ಹಸಿವಾಸನೆ ಇದ್ದರೆ, ಕೂದಲೆಳೆಯಷ್ಟು ಬಿರುಕು ಆಗಲೇ ಮೂಡಿದ್ದರೆ ಬೇಡ. ತುಂಬ ತೆಳು ಕೈಕಾಲಿನ ಗೊಂಬೆ ದಾರಿಯಲ್ಲೇ ಮುರಿಯುತ್ತದೆ, ಒಂದೊಂದನ್ನೂ ಬೇರೆ ಬೇರೆ ಕಾಲುಚೀಲದಲ್ಲಿ ತೂರಿಸಿಟ್ಟರೆ ಉಳಿಯುತ್ತದೆ. ಊರಿಗೆ ಬಂದ ಮೇಲೆ ಎತ್ತು ಕತ್ತೆಗಳನ್ನು ಯೆಶಾಯನ ಹೆಸರಿನಲ್ಲಿ ಗೋದಲಿಯ ಹತ್ತಿರವೇ ಬಿಡಬಹುದು. ಜೋಯಿಸರನ್ನು ಮಾತ್ರ ಕೋಣೆಯ ಆಚೆ ಮೂಲೆಯಲ್ಲಿ, ಪೂರ್ವ ದಿಕ್ಕಿಗೆ ಇಡಿ. ದಿನಕ್ಕಿಷ್ಟು ಸರಿಸಿದರೆ ಜನವರಿ 6ರ ಹೊತ್ತಿಗೆ ಬಂದು ತಲುಪುತ್ತಾರೆ.